ಅಮ್ಮನ ಸ್ನಾನ ಯಾರ ಕೈಯಲ್ಲಿ

ಪೋಂ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಗಂಟಲು ಕಟ್ಟಿದಂಥದ್ದು. ನಮ್ಮ ಮನೆಯ ಹಿಂದಿನ ಗೋಡೆಯಾಚೆ ಬಸ್ ಡಿಪೋ ಇದೆ. ಬೆಳಿಗ್ಗೆ ಐದೂವರೆಗೆ ಡ್ರೈವರುಗಳು ಬಂದು, ಬಸ್ಸು ಹೊರಡಿಸುವ ಮುಂಚೆ ಒಂದೊಂದರದೂ ಹಾರನ್ ಒತ್ತಿ ನೋಡುತ್ತಾರೆ. ಹೊಸಬರಿಗೆ ಅದು ಗಲಾಟೆ. ಅತ್ತೆಗೆ ಅದು ಹಾಜರಿ. ಕಣ್ಣು ಮುಚ್ಚಿಕೊಂಡೇ, "ಮೂರನೇದಕ್ಕೆ ಇನ್ನೂ ನೆಗಡಿ ಹೋಗಿಲ್ಲ ನೋಡು," ಎನ್ನುತ್ತ ಏಳುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಡ್ಯೂಟಿ ಮುಗೀಲಿಲ್ಲ," ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದಳು. ಅಪ್ಪ, ಅಮ್ಮ, ನಾನು, ಅಜ್ಜಿ, ಅತ್ತೆ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ನಮಗೆಲ್ಲ ಜ್ವರ ಬರುವ ಮುಂಚೆಯೇ ಅತ್ತೆಗೆ ಅದು ಗೊತ್ತಾಗಿಬಿಡುತ್ತಿತ್ತು.

ಆಸ್ಪತ್ರೆಯಲ್ಲಿ ಅವಳ ಹೆಸರು ಪರದೆ ಸಿಸ್ಟರ್. ಅಲ್ಲಿ ಮೂವತ್ತೆರಡು ಮಂಚಗಳಿದ್ದವು, ಪ್ರತಿ ಮಂಚದ ಸುತ್ತ ಕಂಬಿಗೆ ತೂಗುಬಿಟ್ಟ ಹಸಿರು ಪರದೆ. ಪರದೆ ಎಳೆಯದೆ ಅವಳು ಯಾರ ಹೊದಿಕೆಯನ್ನೂ ಮುಟ್ಟುತ್ತಿರಲಿಲ್ಲ, ಮುಟ್ಟಲು ಬಿಡುತ್ತಲೂ ಇರಲಿಲ್ಲ. ಕಂಬಿಯ ಬಳೆಗಳು ತುಕ್ಕು ಹಿಡಿದು ಕಿರುಗುಟ್ಟಿದರೆ ವಾರ್ಡೆಲ್ಲ ತಿರುಗಿ ನೋಡುತ್ತದೆಂದು, ಅಜ್ಜಿಯ ಹೊಲಿಗೆ ಮಷೀನಿನ ಎಣ್ಣೆಯನ್ನು ಪುಟ್ಟ ಸೀಸೆಯಲ್ಲಿ ಒಯ್ದು ತಿಂಗಳಿಗೊಮ್ಮೆ ಸ್ಟೂಲು ಹತ್ತಿ ತಾನೇ ಹಾಕುತ್ತಿದ್ದಳು. ಒಂದು ದಿನ ಹೊಸ ಡಾಕ್ಟರೊಬ್ಬರು ಎಂಟು ಜನ ವಿದ್ಯಾರ್ಥಿಗಳನ್ನು ಹಿಂದಿಟ್ಟುಕೊಂಡು ಬಂದು, ಬಂದ ಭರದಲ್ಲೇ ಒಬ್ಬಾಕೆಯ ಹೊದಿಕೆ ಸರಿಸಿದರಂತೆ. ಅತ್ತೆ ಪರದೆ ಎಳೆದು, ಡಾಕ್ಟರನ್ನು ಒಳಗೂ ಎಂಟು ಜನರನ್ನು ಹೊರಗೂ ಮಾಡಿ, "ಮೊದಲು ಹೆಸರು ಕೇಳಿ ಡಾಕ್ಟ್ರೇ, ಆಮೇಲೆ ಹೊಟ್ಟೆ ನೋಡಿ," ಎಂದಳಂತೆ. ಡಾಕ್ಟರು ಹೆಸರು ಕೇಳಿದರು.

ತರಬೇತಿಗೆ ಬಂದ ಹುಡುಗಿಯರಿಗೆ ಅವಳು ಕೊಡುತ್ತಿದ್ದ ಮೊದಲ ಕೆಲಸ ಮಲಗುವುದು. ಖಾಲಿ ಮಂಚದ ಮೇಲೆ ಅರ್ಧ ಗಂಟೆ ಅಂಗಾತ ಮಲಗಬೇಕು, ಬೇರೆ ಹುಡುಗಿಯರು ಬಂದು ಬಗ್ಗಿ ನೋಡಬೇಕು, ಚಮಚದಲ್ಲಿ ನೀರು ಕುಡಿಸಬೇಕು, ಹೊದಿಕೆ ಎತ್ತಿ ಇಳಿಸಬೇಕು. "ಮೇಲಿಂದ ಬರೋ ಮುಖ ಎಷ್ಟು ದೊಡ್ಡದಾಗಿ ಕಾಣತ್ತೆ ಅಂತ ಒಂದ್ಸಲ ಗೊತ್ತಾಗ್ಲಿ. ಪುಸ್ತಕದಲ್ಲಿ ಅದರ ಅಳತೆ ಕೊಟ್ಟಿಲ್ಲ," ಎನ್ನುತ್ತಿದ್ದಳು.

ಇಂಥ ಅತ್ತೆಯ ಅಮ್ಮ, ನನ್ನ ಅಜ್ಜಿ, ಸ್ನಾನದ ಮನೆಯ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ, ಮನೆಯವರಾರೂ ಗಾಬರಿಯಾಗಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳು ಕಾಲಿನ ಮೇಲೆ ಭಾರ ಹಾಕಬಾರದೆಂದರು. "ಮನೇಲೇ ಆಸ್ಪತ್ರೆ ಇದ್ಯಲ್ಲ," ಎಂದು ಬೀದಿಯವರೂ ಅಂದರು. ಅತ್ತೆ ಹದಿನೈದು ದಿನ ರಜೆ ಹಾಕಿದಳು.

ಆ ಹದಿನೈದು ದಿನ ಅಜ್ಜಿಯ ಕೋಣೆಯನ್ನು ನೋಡಬೇಕಿತ್ತು. ಕಿಟಕಿಗೆ ಹೊಸ ಪರದೆ. ಎರಡು ಬಕೆಟ್, ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರೀ ನೀರು. ಮೊಣಕೈಯನ್ನು ಅದ್ದಿ ಬಿಸಿ ನೋಡುತ್ತಿದ್ದಳು. ಒಂದು ತೋಳು ತೊಳೆಯುವಾಗ ಇನ್ನೊಂದು ತೋಳು ಹೊದಿಕೆಯೊಳಗೆ. ಹದಿನೆಂಟು ನಿಮಿಷದಲ್ಲಿ ತಲೆಯಿಂದ ಕಾಲಿನವರೆಗೆ ಮುಗಿದು, ಹಾಸಿಗೆಯ ಬಟ್ಟೆಯೂ ಬದಲಾಗಿ, ಒಂದು ಸುಕ್ಕೂ ಉಳಿಯುತ್ತಿರಲಿಲ್ಲ. ಅಜ್ಜಿ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದಳು. ನೋವಿರಬೇಕು ಎಂದುಕೊಂಡಳು ಅತ್ತೆ. ಮಾತ್ರೆಯನ್ನು ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಕೊಡಲು ಶುರುಮಾಡಿದಳು.

ಸಂಜೆ ಅಪ್ಪ ಕೆಲಸದಿಂದ ಬಂದ ಕೂಡಲೇ ಅತ್ತೆ ಮಂಚದ ಕಾಲ ಬಳಿ ನೆಟ್ಟಗೆ ನಿಂತು ದಿನದ ಲೆಕ್ಕ ಒಪ್ಪಿಸುತ್ತಿದ್ದಳು. ವಾರ್ಡಿನಲ್ಲಿ ಒಂದು ಪಾಳಿಯವರು ಹೋಗುವಾಗ ಮುಂದಿನ ಪಾಳಿಯವರಿಗೆ ಹೀಗೆ ಒಪ್ಪಿಸಿಯೇ ಹೋಗಬೇಕು. ಇಪ್ಪತ್ತಾರು ವರ್ಷದ ರೂಢಿ.

"ಬೆಳಿಗ್ಗೆ ಆರಕ್ಕೆ ಮೂತ್ರ ಇನ್ನೂರೈವತ್ತು ಎಂಎಲ್. ಹನ್ನೊಂದಕ್ಕೆ ಮೋಷನ್, ಬೆಡ್‌ಪ್ಯಾನ್ ಕೊಡೋಷ್ಟರಲ್ಲಿ ಹಾಸಿಗೇಲೇ ಆಯ್ತು, ತೆಳುವಾಗಿ. ಶೀಟ್ ಬದಲಾಯ್ಸಿದೀನಿ. ನಾಲ್ಕಕ್ಕೆ ಮತ್ತೆ ನೂರೆಂಬತ್ತು."

"ಸರಿ ಅಕ್ಕ," ಎನ್ನುತ್ತ ಅಪ್ಪ ಚಪ್ಪಲಿ ಬಿಡುವ ನೆಪದಲ್ಲಿ ನೆಲ ನೋಡುತ್ತಿದ್ದ. ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ನಿಂತ ಇಸ್ತ್ರಿಯಾಕೆ, "ಪಾಪ, ಅಜ್ಜಿಗೆ ಹಿಡ್ಕೊಳ್ಳೋಕಾಗಲ್ವಾ ಸಿಸ್ಟರಮ್ಮ?" ಎಂದು ಕೇಳಿದರೆ ಅತ್ತೆ ಅದಕ್ಕೂ ವಿವರವಾಗಿ ಉತ್ತರ ಕೊಡುತ್ತಿದ್ದಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಅದನ್ನು ನಾವು ನಿದ್ದೆ ಎಂದುಕೊಂಡೆವು.

ರಜೆ ಮುಗಿಯಿತು. ಮನೆ ಆರೈಕೆಗೆ ಜನ ಕಳಿಸುವ ಕಚೇರಿಯಿಂದ ಒಬ್ಬಳು ಬಂದಳು. ಇಪ್ಪತ್ತೈದರ ಒಳಗಿನ ಹುಡುಗಿ, ಕಡ್ಡಿಯಂತಿದ್ದಳು. ಕೋಣೆಯ ಬಾಗಿಲಲ್ಲೇ ನಿಂತು, "ಅಜ್ಜಿ, ಒಳಗೆ ಬರ್ಲಾ?" ಎಂದಳು.

"ಬೇಡ ಅಂದ್ರೆ ಏನ್ಮಾಡ್ತೀಯ?" ಎಂದಳು ಅಜ್ಜಿ.

"ಇಲ್ಲೇ ನಿಂತಿರ್ತೀನಿ. ನಾಲ್ಕು ಗಂಟೆವರೆಗೂ ಸಂಬಳ ಇದೆ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಾರೇ ಸೂಜಿ," ಎಂದಳು. ಅಜ್ಜಿ ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದವಳು. ಅಂದಿನಿಂದ ಆ ಹುಡುಗಿ ಎಲ್ಲರ ಬಾಯಲ್ಲೂ ಸೂಜಿಯೇ ಆದಳು.

ಮೊದಲ ವಾರ ಅತ್ತೆಗೆ ನಿರಾಳ. ಮಧ್ಯಾಹ್ನ ಮೂರಕ್ಕೆ ಬಂದವಳೇ ಅಜ್ಜಿಯ ಬೆನ್ನು, ಹಿಮ್ಮಡಿ, ಉಗುರಿನ ಸಂದಿ ಎಲ್ಲ ನೋಡುತ್ತಿದ್ದಳು. ತಪ್ಪು ಸಿಗಲಿಲ್ಲ. ಎರಡನೇ ವಾರ ಬುಧವಾರ ಅವಳಿಗೆ ವಾರದ ರಜೆ. ಸೂಜಿಗೂ ಅವತ್ತು ರಜೆ ಕೊಟ್ಟು, ತಾನೇ ಎರಡು ಬಕೆಟ್ ತುಂಬಿಸಿ, ಮೊಣಕೈ ಅದ್ದಿ, ಕೋಣೆಗೆ ಹೋದಳು.

"ಇವತ್ತು ಬೇಡ," ಎಂದಳು ಅಜ್ಜಿ.

"ನೀರು ಕಾದಿದೆ ಅಮ್ಮ."

"ನೀನು ಮಾಡ್ಕೋ. ನಂಗೆ ನಾಳೆ ಸೂಜಿ ಮಾಡಿಸ್ತಾಳೆ."

ಅತ್ತೆ ಎರಡೂ ಬಕೆಟ್ಟನ್ನು ಎತ್ತಿಕೊಂಡು ವಾಪಸ್ ಬಂದಳು. ಅಡುಗೆಮನೆಯಲ್ಲಿ ಅಮ್ಮ ಏನಾಯಿತೆಂದು ಕೇಳಿದ್ದಕ್ಕೆ, "ನೀರು ಆರಿ ಹೋಗಿತ್ತು," ಎಂದಳು. ಬಕೆಟ್ಟಿನಿಂದ ಹಬೆ ಏಳುತ್ತಿತ್ತು.

ಅಂದಿನಿಂದ ಅತ್ತೆಯೊಳಗೆ ಏನೋ ಹೊಕ್ಕಿತು. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿಡಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಒಲೆಯ ಮೇಲಿಟ್ಟ ಹಾಲಿನ ಹಾಗೆ, ನೋಡುತ್ತಿರುವಷ್ಟು ಹೊತ್ತು ಸುಮ್ಮನಿದ್ದು, ಮುಖ ತಿರುಗಿಸಿದಾಗ ಉಕ್ಕುತ್ತಿತ್ತು. ಸೂಜಿ ಒಣಗಲು ಹಾಕಿದ ಟವೆಲನ್ನು ಇವಳು ತೆಗೆದು, ಮತ್ತೆ ಒಗೆದು, ಮತ್ತೆ ಹಾಕುವಳು. ಸೂಜಿ ಬಾಚಿದ ಅಜ್ಜಿಯ ಜಡೆ ನೋಡಿ, "ಬಿಗಿಯಾಯ್ತು," ಎನ್ನುವಳು. ಮರುದಿನ, "ಸಡಿಲ ಆಯ್ತು," ಎನ್ನುವಳು. ಊಟಕ್ಕೆ ಕೂತಾಗ ಯಾರೂ ಕೇಳದೆ, "ಆ ಹುಡುಗಿ ಒಂದು ಸ್ನಾನಕ್ಕೆ ಐವತ್ತು ನಿಮಿಷ ತಗೋತಾಳೆ, ಐವತ್ತು! ನನ್ನ ವಾರ್ಡಲ್ಲಿ ಆಗಿದ್ರೆ ಮೂವತ್ತೆರಡನೇ ಮಂಚದವಳಿಗೆ ಮುಂದಿನ ವರ್ಷ ಸ್ನಾನ," ಎನ್ನುವಳು.

"ಅತ್ತಿಗೆ ಪರೀಕ್ಷೇಲಿ ಯಾರಿಗೂ ಪೂರ್ತಿ ಅಂಕ ಸಿಗಲ್ಲ, ನಂಗೇ ಸಿಕ್ಕಿಲ್ಲ," ಎಂದಳು ಅಮ್ಮ. ಅತ್ತೆ ನಗಲಿಲ್ಲ.

ಅವಳನ್ನು ಹೆಚ್ಚು ಉರಿಸುತ್ತಿದ್ದದ್ದು ಚೀಟಿ. ಮೂರು ಗಂಟೆಗೆ ಅತ್ತೆ ಬಂದು, ಮಂಚದ ಕಾಲ ಬಳಿ ನಿಂತು, "ಹೂಂ, ಒಪ್ಪಿಸು," ಎಂದರೆ, ಸೂಜಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿಯನ್ನು ಕೈಗಿಡುತ್ತಿದ್ದಳು.

"ಬಾಯಿ ಇಲ್ವೇನಮ್ಮಾ ನಿಂಗೆ?"

"ಎಲ್ಲಾ ಅದರಲ್ಲಿದೆ ಸಿಸ್ಟರ್."

"ಹೇಗಿದಾರೆ ಇವತ್ತು ಅಂತ ಹೇಳೋಕೂ ಚೀಟಿ ಬೇಕಾ?"

"ಅದನ್ನ ಅಜ್ಜಿನೇ ಹೇಳ್ತಾರಲ್ಲ. ಇಲ್ಲೇ ಇದಾರೆ."

ಅಜ್ಜಿ ಹಾಸಿಗೆಯಿಂದ, "ಚೆನ್ನಾಗಿದೀನಿ," ಎಂದಳು, ರಾಣಿಯ ಹಾಗೆ. ಅತ್ತೆ ಚೀಟಿಯನ್ನು ಬಿಚ್ಚದೆ ಸಮವಸ್ತ್ರದ ಜೇಬಿಗೆ ತುರುಕಿದಳು. ನಿನ್ನೆಯದೂ ಅಲ್ಲೇ ಇತ್ತು, ಮೊನ್ನೆಯದೂ.

ಮುಂದಿನ ಬುಧವಾರ ಸೂಜಿಗೆ ರಜೆ ಕೊಡಲು ಅಜ್ಜಿ ಬಿಡಲಿಲ್ಲ. ಹತ್ತು ಗಂಟೆಗೆ ಕೋಣೆಯ ಬಾಗಿಲು ಮುಚ್ಚಿತು. ಅತ್ತೆ ಹಜಾರದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದವಳು, ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸುತ್ತ, ಕೊನೆಗೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಒಳಗೆ ನೀರು ಹಿಂಡುವ ಸದ್ದು. ಸೂಜಿ ಹೇಳುತ್ತಿದ್ದಳು, "ಮುಂದಿಂದೆಲ್ಲ ನೀವೇ ಮಾಡ್ಕೊಳಿ ಅಜ್ಜಿ, ನಾನು ಕಿಟಕಿ ಕಡೆ ತಿರುಗಿರ್ತೀನಿ. ಆದ್ಮೇಲೆ ಕರೀರಿ." ಬಹಳ ಹೊತ್ತು ಬರೀ ನೀರಿನ ಸದ್ದು. ಆಮೇಲೆ ಅಜ್ಜಿಯ ದನಿ, "ಲೇ ಸೂಜಿ, ತಿರುಗೇ. ಕಿಟಕೀಲಿ ಗಂಡು ಹುಡುಕ್ತಿದೀಯಾ?" ಸೂಜಿ ಏನೋ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು.

ಅತ್ತೆ ಬಾಗಿಲಿಗೆ ಕೈಯಿಟ್ಟು ನಿಂತೇ ಇದ್ದಳು. ಅವಳ ಕೈಯಲ್ಲಿ ಸ್ನಾನ ಮಾಡಿಸಿಕೊಂಡು ಅತ್ತವರಿದ್ದರು, ಕೈಮುಗಿದವರಿದ್ದರು, ಅವಳ ಕೆನ್ನೆ ಸವರಿದವರಿದ್ದರು. ನಕ್ಕವರು ಯಾರಾದರೂ ಇದ್ದರೇ ಎಂದು ಆಮೇಲೊಮ್ಮೆ ತನ್ನನ್ನೇ ಕೇಳಿಕೊಳ್ಳುವ ಹಾಗೆ ನನ್ನ ಎದುರು ಅಂದಳು. ಅಲ್ಲಿ ನಿಂತಾಗ ಮಾತ್ರ ಅವಳ ಕತ್ತಿನ ನರ ಎದ್ದು ನಿಂತಿತ್ತು.

ಬಾಗಿಲು ತೆರೆದಾಗ ಒಳಗೆ ಇನ್ನೊಂದು ಕಂಡಿತು. ಅಜ್ಜಿಯ ಕತ್ತರಿ. ಕಪ್ಪು ಹಿಡಿಯ, ಅಂಗೈಗಿಂತ ಉದ್ದದ ಆ ಕತ್ತರಿಯನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಅತ್ತೆ ಹತ್ತು ವರ್ಷದವಳಿದ್ದಾಗ ಹೊಲಿಗೆ ಕಲಿಸು ಎಂದು ಹಟ ಹಿಡಿದಿದ್ದಳಂತೆ. "ನಿನ್ನ ಕೈ ಭಾರ. ಬಟ್ಟೆ ಹೆದರ್ಕೊಳ್ಳತ್ತೆ," ಎಂದಿದ್ದಳಂತೆ ಅಜ್ಜಿ. ಈಗ ಆ ಕತ್ತರಿ ಸೂಜಿಯ ಕೈಯಲ್ಲಿತ್ತು. ಅಜ್ಜಿ ಹೇಳಿಕೊಟ್ಟಂತೆ ಅವಳು ತನ್ನ ಹಳೆಯ ಅಂಗಿಯ ತೋಳು ಕತ್ತರಿಸುತ್ತಿದ್ದಳು. "ಅಂಚಿಂದ ಎರಡು ಬೆರಳು ಒಳಗೆ, ಹಾಂ, ಹೆದರ್ಬೇಡ," ಎನ್ನುತ್ತಿದ್ದಳು ಅಜ್ಜಿ.

ಗುರುವಾರ ಮಧ್ಯಾಹ್ನ ಅತ್ತೆಗೆ ಬೇಕಾದ್ದು ಸಿಕ್ಕಿತು. ಅಜ್ಜಿಯ ಎಡ ಹಿಮ್ಮಡಿಯಲ್ಲಿ ಒಂದು ಕೆಂಪು ಮಚ್ಚೆ, ಬಟಾಣಿಯಷ್ಟು. ಮಲಗಿದಲ್ಲೇ ಇರುವವರಿಗೆ ಹುಣ್ಣು ಶುರುವಾಗುವುದೇ ಹಾಗೆ. ಅವಳು ಅದನ್ನು ಕಂಡಾಗ ಮುಖದಲ್ಲಿ ಮೊದಲು ಬಂದದ್ದು ಗಾಬರಿಯಲ್ಲ, ಗೆಲುವು. ನಾನು ನೋಡಿದೆ. ಅವಳಿಗೂ ಗೊತ್ತಾಗಿರಬೇಕು, ತಟ್ಟನೆ ಹುಬ್ಬು ಗಂಟಿಕ್ಕಿದಳು.

"ಇದೇನು? ಕಣ್ಣಿಗೆ ಕಾಣಲ್ವಾ? ಬಟ್ಟೆ ಕತ್ತರಿಸೋಕೆ ಟೈಮಿದೆ, ಕಾಲು ನೋಡೋಕೆ ಇಲ್ಲ!"

"ಸಿಸ್ಟರ್, ಅದು..."

"ಇಪ್ಪತ್ತಾರು ವರ್ಷದಲ್ಲಿ ನನ್ನ ವಾರ್ಡಲ್ಲಿ ಒಬ್ಬರಿಗೂ ಹುಣ್ಣಾಗಿಲ್ಲ. ನಾಳೆಯಿಂದ ಬರೋದು ಬೇಡ."

ಸೂಜಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮಗಳ ಕಡೆ ನೋಡಿದಳು. ಸೂಜಿ ತನ್ನ ಚೀಟಿಯನ್ನು ಮೇಜಿನ ಮೇಲಿಟ್ಟು, ಅರ್ಧ ಕತ್ತರಿಸಿದ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಆ ಚೀಟಿಯೂ ಅತ್ತೆಯ ಜೇಬು ಸೇರಿತು. ಅವಳು ಮತ್ತೆ ರಜೆ ಹಾಕಿದಳು.

ಶುಕ್ರವಾರ ಅಜ್ಜಿ ಸ್ನಾನ ಬೇಡ ಎಂದಳು. ಶನಿವಾರವೂ ಬೇಡ ಎಂದಳು. ಊಟ ಮಾಡಿದಳು, ಮಾತ್ರೆ ನುಂಗಿದಳು, ಅಪ್ಪನ ಹತ್ತಿರ ಮಾತಾಡಿದಳು. ಬೆಡ್‌ಪ್ಯಾನ್ ಬೇಕಾದರೆ ಅಮ್ಮನನ್ನು ಕರೆದಳು. ಅತ್ತೆ ಹತ್ತಿರ ಬಂದರೆ ಮಾತ್ರ ಹೊದಿಕೆಯನ್ನು ಗಂಟಲವರೆಗೆ ಎಳೆದು ಎರಡೂ ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ಕಾಲನ್ನೂ ನೋಡಗೊಡಲಿಲ್ಲ. ಭಾನುವಾರಕ್ಕೆ ಕೋಣೆಯಲ್ಲಿ ವಾಸನೆ ಬರಲು ಶುರುವಾಯಿತು. ಬೆವರಿನ ಒದ್ದೆಯಲ್ಲಿ ಬೆನ್ನು, ನೋಡದ ಹಿಮ್ಮಡಿಯಲ್ಲಿ ಕೆಂಪು ಮಚ್ಚೆ. ಇನ್ನೆರಡು ದಿನ ಹೀಗೇ ಬಿಟ್ಟರೆ ಚರ್ಮ ಒಡೆಯುತ್ತದೆಂದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅತ್ತೆಯೇ.

ಸೋಮವಾರ ಹತ್ತಕ್ಕೆ ಅವಳು ಬಕೆಟ್ ತಂದಿಟ್ಟು, "ಸಾಕಮ್ಮ ಹಟ," ಎಂದು ಹೊದಿಕೆಯ ಅಂಚು ಹಿಡಿದಳು. ಅಜ್ಜಿ ಬಿಡಲಿಲ್ಲ. ಅತ್ತೆ ಎಳೆದಳು. ಬಟ್ಟೆ ಇಬ್ಬರ ನಡುವೆ ಬಿಗಿದು ನಿಂತಿತು. ಎಪ್ಪತ್ತೆಂಟು ವರ್ಷದ ಕೈಗಳು ಅಂಚನ್ನು ಇನ್ನೊಂದು ಸುತ್ತು ಸುತ್ತಿಕೊಂಡವು. ನಾನು ಬಾಗಿಲಲ್ಲಿದ್ದೆ, ಏನೂ ಮಾಡಲು ತೋಚಲಿಲ್ಲ.

"ನಿನ್ನ ವಾರ್ಡಲ್ಲಿ ಹೀಗೇ ಎಳೀತೀಯಾ?" ಎಂದಳು ಅಜ್ಜಿ.

ಅತ್ತೆ ಕೈ ಬಿಟ್ಟಳು. ಕೆಂಡ ಮುಟ್ಟಿದವಳ ಹಾಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಸ್ಟೂಲಿನ ಮೇಲೆ ಕೂತಳು.

"ಏನಿದೆ ಅವಳ ಕೈಯಲ್ಲಿ?" ಎಂದಳು. "ಹೇಳು. ನಂಗಿಂತ ಚೆನ್ನಾಗಿ ತೊಳೀತಾಳಾ? ಊರವರೆಲ್ಲ ನನ್ನ ಕೈ ಬೇಕು ಅಂತಾರೆ. ನಿಂಗೆ ಮಾತ್ರ..." ಮಾತು ಅಲ್ಲಿಗೆ ನಿಂತಿತು. ಐವತ್ತೆರಡು ವರ್ಷದ ಅತ್ತೆಯ ಮುಖ ಆ ಗಳಿಗೆ ಹತ್ತು ವರ್ಷದ ಹುಡುಗಿಯದಾಗಿತ್ತು.

"ನಿನ್ನ ಕೈಗೇನಾಗಿದೆ? ಬಂಗಾರದಂಥ ಕೈ," ಎಂದಳು ಅಜ್ಜಿ. "ಬಾಯಿ ಕಣೇ. ನಿನ್ನ ಬಾಯಿ."

"ಬಾಯಿ?"

"ಇಸ್ತ್ರಿಯವಳು ಹೋದ ವಾರ ಬಂದು ನನ್ನ ಕೇಳ್ತಾಳೆ, 'ಅಜ್ಜಿ, ಈಗ ತೆಳ್ಳಗೆ ಹೋಗೋದು ನಿಂತಿತಾ?' ಅಂತ. ಅವಳ ಮದುವೆ ಬಟ್ಟೆ ಹೊಲಿದವಳು ನಾನು. ಅವಳ ಸೊಂಟದ ಸುತ್ತಳತೆ ಇವತ್ತಿಗೂ ಅವಳ ಗಂಡನಿಗೆ ಗೊತ್ತಿಲ್ಲ, ನಂಗೆ ಗೊತ್ತು. ನಲವತ್ತು ವರ್ಷ ಈ ಬೀದಿ ಹೆಂಗಸರ ಮೈಯೆಲ್ಲ ಟೇಪು ಹಿಡಿದು ಅಳೆದಿದೀನಿ. ಒಂದು ಅಂಕೀನಾದ್ರೂ ಬಾಯಿಬಿಟ್ಟು ಹೇಳಿದ್ದು ಕೇಳಿದೀಯಾ ನೀನು? ಬರ್ಕೊಳ್ಳೋದು, ಪುಸ್ತಕ ಮುಚ್ಚೋದು. ನಿನ್ನನ್ನೂ ಒಳಗೆ ಬಿಡ್ತಿರ್ಲಿಲ್ಲ."

"ಗೊತ್ತು. ಹೊರಗೆ ಕೂರಿಸ್ತಿದ್ದೆ. ನೀವೆಲ್ಲ ಒಳಗೆ ನಗ್ತಿದ್ರಿ."

ಅಜ್ಜಿ ಹೊದಿಕೆಯ ಅಂಚನ್ನು ಸರಿಮಾಡಿಕೊಂಡಳು. "ನೀನು ನನ್ನ ಕಾಲ ಹತ್ರ ನಿಂತು ನನ್ನ ಮಗನಿಗೆ ನನ್ನ ಉಚ್ಚೆ ಲೆಕ್ಕ ಹೇಳ್ತೀಯ. ನಾನು ಹೊತ್ತು ಹೆತ್ತ ಮಗ ಕಣೇ ಅವನು. ಅವನು ನೆಲ ನೋಡ್ತಾನೆ."

"ಅದು ಒಪ್ಪಿಸೋದು ಅಮ್ಮ. ಮುಂದಿನ ಪಾಳಿಯವರಿಗೆ ಹೇಳ್ಲೇಬೇಕು."

"ನಾನು ನಿನ್ನ ಪಾಳೀನಾ?"

ಅತ್ತೆ ಬಕೆಟ್ಟನ್ನು ಮಂಚದಿಂದ ದೂರ ಸರಿಸಿದಳು.

"ಪರದೆ ಸಿಸ್ಟರ್ ಅಂತಾರೆ ನಿನ್ನ," ಎಂದಳು ಅಜ್ಜಿ, ಈಗ ದನಿ ತಗ್ಗಿಸಿ. "ಬೀದಿಗೆಲ್ಲ ಹೆಮ್ಮೆಯಿಂದ ಹೇಳ್ಕೊಂಡು ಬಂದೆ. ಮಂಚಕ್ಕೆ ಎಳೀತೀಯ, ಕಿಟಕಿಗೆ ಎಳೀತೀಯ. ಬಾಯಿಗೊಂದು ಎಳೀಬಾರದಾ?"

ಅವತ್ತು ಮಧ್ಯಾಹ್ನ ಅತ್ತೆ ಊಟ ಮಾಡಲಿಲ್ಲ. ಒಗೆಯಲು ಹಾಕಿದ್ದ ಸಮವಸ್ತ್ರದ ಜೇಬಿನಿಂದ ಚೀಟಿಗಳನ್ನು ತೆಗೆದು, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಬಿಚ್ಚಿದಳು. ದುಂಡಗಿನ ಸಣ್ಣ ಅಕ್ಷರ. ಎಷ್ಟು ನೀರು, ಎಷ್ಟು ಸಲ, ಯಾವ ಹೊತ್ತಿಗೆ ಮಗ್ಗುಲು ಬದಲಾಯಿಸಿದ್ದು, ಎಲ್ಲ ಇತ್ತು. ಬುಧವಾರದ ಚೀಟಿಯ ಕೊನೆಯಲ್ಲಿ, "ಎಡ ಹಿಮ್ಮಡಿ ಸ್ವಲ್ಪ ಕೆಂಪು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಎತ್ತಿದ್ದೇನೆ. ಸಿಸ್ಟರ್, ನೀವೊಮ್ಮೆ ನೋಡಿ," ಎಂದಿತ್ತು. ಗುರುವಾರದ್ದರಲ್ಲಿ, "ಕೆಂಪು ನಿನ್ನೆಗಿಂತ ಕಡಿಮೆ," ಎಂದಿತ್ತು.

ಅತ್ತೆ ಆ ಎರಡು ಚೀಟಿಗಳನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿದೆ.

"ಅಕ್ಷರ ಚೆನ್ನಾಗಿದೆ," ಎಂದಳು. ಅದನ್ನು ಹೇಳುವುದೂ ಅವಳಿಗೆ ಕಷ್ಟವಾಯಿತೆಂದು ಕಂಡಿತು. "ಬಾ, ಹೋಗಿ ಬರೋಣ."

ಸೂಜಿಯ ಕೋಣೆ ಡಿಪೋದ ಆಚೆ ಬದಿಗೆ, ಟೈರಿನ ಅಂಗಡಿಯ ಮೇಲಿತ್ತು. ಮೆಟ್ಟಿಲು ಕಡಿದಾಗಿತ್ತು. ಬಾಗಿಲು ತೆರೆದೇ ಇತ್ತು. ಅತ್ತೆ ನೇರ ಒಳಗೆ ಹೋಗುವವಳು, ಹೊಸ್ತಿಲಲ್ಲಿ ಕಾಲು ತಡೆದು ನಿಂತಳು.

"ಬರಬಹುದೇನಮ್ಮಾ?"

ಸೂಜಿ ಎದ್ದು ಬಂದಳು. ಅವಳ ಮಡಿಲಲ್ಲಿ ಆ ಅಂಗಿಯಿತ್ತು, ಒಂದು ತೋಳು ಮುಗಿದಿತ್ತು. ಅತ್ತೆಯ ಕಣ್ಣು ಅದರ ಹೊಲಿಗೆಯ ಮೇಲೆ ಹೋಯಿತು. ಹೊಲಿಗೆ ನೆಟ್ಟಗಿತ್ತು.

"ಚೀಟಿ ಓದ್ದೆ," ಎಂದಳು ಅತ್ತೆ. "ಇವತ್ತು ಓದ್ದೆ. ತಪ್ಪಾಯ್ತು." ಮೂರು ತುಂಡು ಮಾತು, ಒಂದೊಂದನ್ನೂ ಹಲ್ಲು ಕೀಳಿಸಿಕೊಂಡ ಹಾಗೆ ಆಡಿದಳು. "ನಾಲ್ಕು ದಿನದಿಂದ ಅಮ್ಮ ಮೈ ಮುಟ್ಟೋಕೆ ಬಿಟ್ಟಿಲ್ಲ. ನಾಳೆ ಬಾ."

"ಕಚೇರಿಯವರು ಬೇರೆ ಮನೆ ಕೊಟ್ಬಿಟ್ಟಿದಾರೆ ಸಿಸ್ಟರ್."

"ಎಷ್ಟು ಹೊತ್ತಿಗೆ?"

"ಹನ್ನೆರಡಕ್ಕೆ."

"ಹಾಗಾದ್ರೆ ಹತ್ತಕ್ಕೆ ಬಾ. ಸ್ನಾನಕ್ಕೆ ಮಾತ್ರ. ಉಳಿದದ್ದು ನಾವು ನೋಡ್ಕೋತೀವಿ."

ಸೂಜಿ ಅಂಗಿಯನ್ನು ಮಡಿಸಿದಳು. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಬರ್ತೀನಿ. ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳು."

"ನಾನು ಸ್ನಾನ ಮಾಡಿಸೋವಾಗ ಬಾಗಿಲ ಹತ್ರ ನಿಲ್ಬೇಡಿ. ಬಾಗಿಲ ಕೆಳಗಿನ ಸಂದೀಲಿ ನಿಮ್ಮ ಕಾಲಿನ ನೆರಳು ಕಾಣತ್ತೆ. ಅಜ್ಜಿ ನೋಡ್ತಾರೆ. ನೋಡಿ ಟವೆಲ್ ಎದೆ ಮೇಲೆ ಎಳ್ಕೋತಾರೆ. ನಗಿಸಿ ನಗಿಸಿ ಬಿಡಿಸ್ಬೇಕಾಗತ್ತೆ."

ಅತ್ತೆಯ ಕಿವಿ ಕೆಂಪಾಯಿತು. ಬಾಗಿಲಲ್ಲಿ ಅವಳು ಕೇಳಿ ಉರಿದ ನಗು ಅದು, ಅವಳ ನೆರಳನ್ನು ಅಜ್ಜಿಗೆ ಮರೆಸಲಿಕ್ಕೆಂದು ಎಬ್ಬಿಸಿದ್ದು. ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು. ಮನೆ ಹತ್ತಿರ ಬಂದಾಗ, "ಆ ಹುಡುಗೀದು ಕೋಣೆ ಸ್ವಲ್ಪ ಧೂಳು," ಎಂದಳು. ಇರಲಿಲ್ಲ.

ಮನೆಗೆ ಬಂದು ಅವಳು ಕೈ ತೊಳೆದು ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತಳು. "ನಾಳೆ ಹತ್ತಕ್ಕೆ ಬರ್ತಾಳೆ ನಿನ್ನ ಸೂಜಿ. ಹಿಮ್ಮಡಿ ಮಾತ್ರ ಈಗ ನೋಡ್ಬೇಕು ಅಮ್ಮ. ನೋಡ್ಲಾ?"

ಅಜ್ಜಿ ಹೊದಿಕೆಯ ಕೆಳಗಿನಿಂದ ಎಡ ಪಾದವನ್ನು ಮಾತ್ರ, ಗಿಣ್ಣಿನವರೆಗೆ, ಹೊರಗೆ ಚಾಚಿದಳು. "ಇಷ್ಟು," ಎಂದಳು. "ಉಳಿದದ್ದಕ್ಕೆ ಮುಂದೆ ನೋಡೋಣ."

ಮಚ್ಚೆ ಮಾಸಲಾಗಿತ್ತು, ಚರ್ಮ ಒಡೆದಿರಲಿಲ್ಲ. ಅತ್ತೆ ಮೀನಖಂಡದ ಕೆಳಗೆ ದಿಂಬಿಟ್ಟಳು. ಸಂಜೆ ಅಪ್ಪ ಬಂದು ಚಪ್ಪಲಿ ಬಿಡುತ್ತ ಬಾಗಿಲ ಕಡೆ ನೋಡಿದ. ಯಾರೂ ಏನೂ ಒಪ್ಪಿಸಲಿಲ್ಲ. ಅವನು ಒಳಗೆ ಹೋಗಿ, "ಹೇಗಿದೀಯಮ್ಮ?" ಎಂದು ಅಜ್ಜಿಯನ್ನೇ ಕೇಳಿದ.

ಮಂಗಳವಾರ ಹತ್ತಕ್ಕೆ ಸೂಜಿ ಬಂದಳು. ಅತ್ತೆಯೇ ನೀರು ಕಾಯಿಸಿ, ಮೊಣಕೈ ಅದ್ದಿ ನೋಡಿ, ಎರಡೂ ಬಕೆಟ್ಟನ್ನು ಬಾಗಿಲವರೆಗೆ ತಂದಿಟ್ಟಳು. ಬಾಗಿಲು ಮುಚ್ಚಿತು. ಅವಳು ಹಜಾರದ ಆ ಮೂಲೆಗೆ ಹೋಗಿ ಕೂತಳು. ಅಲ್ಲಿಗೂ ನೀರಿನ ಸದ್ದು ಬರುತ್ತಿತ್ತು.

"ನಂಗೇನೂ ಹೊಟ್ಟೆಯುರಿ ಇಲ್ಲ," ಎಂದಳು ನನ್ನ ಕಡೆ ನೋಡದೆ. ನಾನು ಕೇಳಿರಲಿಲ್ಲ. "ಪಾತ್ರೆ ಹಿಡಿಯೋದು ಮಾತ್ರ ಅವಳಿಗೆ ಇನ್ನೂ ಬರಲ್ಲ. ಕೇಳು, ಮಂಚಕ್ಕೆ ತಾಗಿಸ್ತಾಳೆ."

ಒಳಗಿನಿಂದ ಅಜ್ಜಿಯ ನಗು ಬಂತು. ಈ ಸಲ ಬಾಗಿಲ ಸಂದಿಯಲ್ಲಿ ಯಾರ ನೆರಳೂ ಇರಲಿಲ್ಲ, ಅವಳು ಸುಮ್ಮನೆ ನಗುತ್ತಿದ್ದಳು. ಅತ್ತೆ ಕೇಳಿಸಿಕೊಂಡಳು. ಅವಳ ಪಾದ ಒಮ್ಮೆ ಬಾಗಿಲ ದಿಕ್ಕಿಗೆ ತಿರುಗಿತು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ, ಗೇಟು ತೆಗೆದು ಬೀದಿಗಿಳಿದಳು. ನಾನೂ ಗೇಟಿನವರೆಗೆ ಹೋದೆ.

ಮೂಲೆಯಲ್ಲಿ ಇಸ್ತ್ರಿಯಾಕೆ ಗಾಡಿಯ ಮೇಲೆ ಅಂಗಿ ಹರಡಿದ್ದಳು. "ಏನ್ ಸಿಸ್ಟರಮ್ಮ, ಡ್ಯೂಟಿ ಇಲ್ವಾ? ಅಜ್ಜಿ ಹೇಗಿದಾರೆ? ನಾಲ್ಕು ದಿನದಿಂದ ಸುದ್ದೀನೇ ಇಲ್ಲ."

"ಪರವಾಗಿಲ್ಲ," ಎಂದಳು ಅತ್ತೆ. ನಿಂತು, ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿದಳು. "ಬೆಳಿಗ್ಗೆ ಆರು ಗಂಟೆಗೆ ಒಂದ್ಸಲ..."

ಇಸ್ತ್ರಿಯಾಕೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕಾದಳು. ಅತ್ತೆ ಕೈ ಬಿಚ್ಚಿದಳು, ಬೀದಿಯ ಆ ತುದಿಯ ಕಡೆ ಮುಖ ಮಾಡಿ ನಡೆದುಬಿಟ್ಟಳು.